ಗೋಪಿ ಸರ್ಕಲ್‌ಗೆ ಒಂದು ಪುಟ ಬೇಡವೇ?

ಓದುಗರ ಪತ್ರ (ಸಂಕ್ಷಿಪ್ತವಾಗಿ): "ವಿಶ್ವಕೋಶದಲ್ಲಿ ಪ್ರತಿ ಸರ್ಕಲ್‌ಗೂ ಬೇರೆ ಪುಟ ಬೇಕಿಲ್ಲ, ಊರಿನ ಪುಟದಲ್ಲಿ ಒಂದು ಸಾಲು ಸಾಕು ಎಂದು ಹೋದ ಸಂಚಿಕೆಯಲ್ಲಿ ಬರೆದಿದ್ದೀರಿ. ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್‌ಗೆ ಪುಟ ಇದೆ. ಕೈರೋದ ತಹ್ರೀರ್ ಚೌಕಕ್ಕೂ ಇದೆ. ನಮ್ಮ ಗೋಪಿ ಸರ್ಕಲ್ ಏನು ಪಾಪ ಮಾಡಿದೆ? ಶಿವಮೊಗ್ಗದವರಿಗೆ ಅದು ಊರಿನ ಹೊಕ್ಕುಳು. ಇಂಟರ್‌ನೆಟ್ಟಿನಲ್ಲಿ ಜಾಗಕ್ಕೇನು ಬರವೇ? ಒಂದು ಹಳೆಯ ಫೋಟೊ ಇಟ್ಟಿದ್ದೇನೆ, ನೋಡಿ."
— ನಿವೃತ್ತ ಶಿಕ್ಷಕರು, ದುರ್ಗಿಗುಡಿ, ಶಿವಮೊಗ್ಗ

ಸಂಪಾದಕರ ಉತ್ತರ:

ಮೇಷ್ಟ್ರೇ, ನಮಸ್ಕಾರ.

"ಒಂದು ಸಾಲು ಸಾಕು" ಅಂತ ನಾನು ಸ್ವಲ್ಪ ಸಲೀಸಾಗಿ ಬರೆದುಬಿಟ್ಟೆ. ಒಪ್ಪಿಕೊಳ್ಳುತ್ತೇನೆ. ನಿಮ್ಮ ಪತ್ರ ಬಂದ ದಿನ ಸಂಜೆ ಒಂದು ಕೆಲಸ ಮಾಡಿದೆ. ಬಿಳಿ ಹಾಳೆ ತೆಗೆದುಕೊಂಡು ಗೋಪಿ ಸರ್ಕಲ್ ಬಗ್ಗೆ ನಾನೇ ಒಂದು ವಿಶ್ವಕೋಶದ ಪುಟ ಬರೆಯಲು ಕೂತೆ. ಬರೆಯೋಕೆ ಬರುತ್ತಾ ನೋಡೋಣ ಅಂತ.

ಮೊದಲ ಸಾಲು ಸಲೀಸು. "ಗೋಪಿ ವೃತ್ತ ಶಿವಮೊಗ್ಗ ನಗರದ ಮಧ್ಯಭಾಗದಲ್ಲಿರುವ ಒಂದು ವೃತ್ತ. ನೆಹರು ರಸ್ತೆ, ದುರ್ಗಿಗುಡಿ ರಸ್ತೆ, ಬಾಲರಾಜ ಅರಸ್ ರಸ್ತೆ ಇಲ್ಲಿ ಸೇರುತ್ತವೆ." ಎರಡನೆಯದೂ ಕಷ್ಟವಾಗಲಿಲ್ಲ. "ಅಧಿಕೃತ ಹೆಸರು ಟಿ. ಸೀನಪ್ಪ ಶೆಟ್ಟಿ ವೃತ್ತ. ಜನ ಕರೆಯುವುದು ಗೋಪಿ ಸರ್ಕಲ್." ಆಟೊದವನಿಗೆ ಬೋರ್ಡಿನ ಹೆಸರು ಹೇಳಿ ನೋಡಿ, ಒಂದು ನಿಮಿಷ ಯೋಚನೆ ಮಾಡುತ್ತಾನೆ. ಗೋಪಿ ಅಂದರೆ ಆಗಲೇ ಮೀಟರ್ ಕಡೆ ಕೈ ಹೋಗುತ್ತೆ. (ಮೀಟರ್ ಹಾಕುತ್ತಾನೋ ಇಲ್ಲವೋ, ಅದು ಬೇರೆ ವಿಷಯ.)

ಮೂರನೇ ಸಾಲಿಗೆ ಪೆನ್ನು ನಿಂತಿತು. ಗೋಪಿ ಅನ್ನುವ ಹೆಸರು ಎಲ್ಲಿಂದ ಬಂತು? ಕಚೇರಿಯಲ್ಲಿ ಕೇಳಿದೆ. ಇಬ್ಬರು ಎರಡು ಕಥೆ ಹೇಳಿದರು. ಎರಡೂ ಚೆನ್ನಾಗಿದ್ದವು. "ಎಲ್ಲಾದರೂ ಅಚ್ಚಾಗಿದೆಯಾ?" ಅಂದೆ. ಇಬ್ಬರೂ ನಕ್ಕರು. "ಅಷ್ಟು ಗೊತ್ತಿಲ್ವಾ ಸಾರ್, ಎಲ್ಲರಿಗೂ ಗೊತ್ತು" ಅಂದರು.

ಎಲ್ಲರಿಗೂ ಗೊತ್ತಿರೋದನ್ನು ಯಾರೂ ಬರೆದಿಡುವುದಿಲ್ಲ, ಅಲ್ವಾ? ಕಷ್ಟ ಶುರುವಾಗೋದು ಅಲ್ಲೇ.

ಆಮೇಲೆ ನಮ್ಮದೇ ಪತ್ರಿಕೆಯ ಹಳೆಯ ಸಂಚಿಕೆಗಳನ್ನು ತೆಗೆಸಿದೆ. ಗೋಪಿ ವೃತ್ತದ ಹೆಸರು ಲೆಕ್ಕವಿಲ್ಲದಷ್ಟು ಸಲ ಬಂದಿದೆ. ಗೋಪಿ ವೃತ್ತದಲ್ಲಿ ಪ್ರತಿಭಟನೆ. ಗೋಪಿ ವೃತ್ತದಲ್ಲಿ ಮಾನವ ಸರಪಳಿ. ಗೋಪಿ ವೃತ್ತದ ಬಳಿ ಮಳೆನೀರು ನಿಂತು ಪರದಾಟ. ಈ ಸುದ್ದಿಗಳಲ್ಲಿ ಒಂದೂ ವೃತ್ತದ ಬಗ್ಗೆ ಇಲ್ಲ. ಪ್ರತಿಭಟನೆಯ ಬಗ್ಗೆ ಇವೆ, ಮಳೆಯ ಬಗ್ಗೆ ಇವೆ. ಮದುವೆ ಫೋಟೊದಲ್ಲಿ ಹಿಂದೆ ಕಾಣುವ ಕಂಬದ ಹಾಗೆ ಸರ್ಕಲ್ ಸುಮ್ನೆ ನಿಂತಿದೆ. ವಿಶ್ವಕೋಶ ಬರೆಯುವವರು ಹುಡುಕೋದು ಆ ಕಂಬದ ಬಗ್ಗೆಯೇ ಬೇರೆ ಯಾರಾದರೂ ನಾಲ್ಕು ಪುಟ ಬರೆದಿದ್ದಾರಾ ಅಂತ. ಅವರ ಭಾಷೆಯಲ್ಲಿ ಇದಕ್ಕೆ ಗಮನಾರ್ಹತೆ ಅನ್ನುತ್ತಾರೆ. ಪದ ದೊಡ್ಡದು, ವಿಷಯ ಇಷ್ಟೇ.

ಟೈಮ್ಸ್ ಸ್ಕ್ವೇರ್ ಮಾತಿಗೆ ಬರೋಣ. ಅದರ ಮೊದಲ ಹೆಸರು ಲಾಂಗೇಕರ್ ಸ್ಕ್ವೇರ್. ಕುದುರೆ, ಸಾರೋಟಿನ ವ್ಯಾಪಾರದ ಜಾಗ. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಅಲ್ಲಿ ಕಟ್ಟಡ ಕಟ್ಟಿತು, 1904ರಲ್ಲಿ ಹೆಸರು ಬದಲಾಯಿತು. 1907ರ ಡಿಸೆಂಬರ್ 31ರ ರಾತ್ರಿ ದೀಪದ ಚೆಂಡು ಇಳಿಸಿ ಹೊಸ ವರ್ಷ ಆಚರಿಸಿದರು. ಇದೆಲ್ಲ ತಾರೀಖು ಸಮೇತ ನನಗೆ ಶಿವಮೊಗ್ಗದಲ್ಲಿ ಕೂತು ಹೇಗೆ ಗೊತ್ತಾಯಿತು ಹೇಳಿ? ಅಲ್ಲಿ ಚೌಕದ ಮಧ್ಯೆಯೇ ಒಂದು ಪತ್ರಿಕಾ ಕಚೇರಿ ಇತ್ತು. ಬರೆಯುವವರು ಕಿಟಕಿ ತೆಗೆದರೆ ಚೌಕವೇ ಕಾಣುತ್ತಿತ್ತು. ಇದರಲ್ಲಿ ಅನ್ಯಾಯ ಇದೆ ಅಂತ ನೀವು ಹೇಳಿದರೆ ನಾನು ಇಲ್ಲ ಅನ್ನಲ್ಲ. ಬರೆಯುವವರು ಜಾಸ್ತಿ ಇದ್ದ ಊರಿನ ಬೀದಿ ಬದಿಯ ನಲ್ಲಿಯೂ ಚರಿತ್ರೆ ಸೇರುತ್ತೆ. ನಮ್ಮಲ್ಲಿ ಕೆರೆ ಕೋಡಿ ಒಡೆದರೂ ಮೂರು ದಿನದ ಸುದ್ದಿ.

ತಹ್ರೀರ್ ವಿಷಯ ಬೇರೆ. 2011ರಲ್ಲಿ ಜನ ಅಲ್ಲಿ ಸೇರಿ ಈಜಿಪ್ಟಿನ ಅಧ್ಯಕ್ಷ ಮುಬಾರಕ್ ಅಧಿಕಾರ ಬಿಡುವ ತನಕ ಕದಲಲಿಲ್ಲ. ಘಟನೆ ಆ ಜಾಗಕ್ಕೆ ಅಂಟಿಕೊಂಡಿತು. ಇದಕ್ಕೆ ಕೈರೋ ತನಕ ಹೋಗಬೇಕಾಗಿಯೂ ಇಲ್ಲ. ನಮ್ಮ ಸಾಗರ ತಾಲ್ಲೂಕಿನ ಕಾಗೋಡು ನೋಡಿ. ಪುಟ್ಟ ಹಳ್ಳಿ. 1951ರಲ್ಲಿ ಗೇಣಿ ಅಳೆಯುವ ಕೊಳಗದ ಗಾತ್ರದ ಮೇಲೆ ಜಗಳ ಹುಟ್ಟಿತು. ಎಚ್. ಗಣಪತಿಯಪ್ಪ ಗೇಣಿದಾರರ ಜೊತೆ ನಿಂತರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಈಗ ಕಾಗೋಡು ಅಂದ ತಕ್ಷಣ ಬಾಯಿಗೆ ಸತ್ಯಾಗ್ರಹ ಅಂತಲೇ ಬರುತ್ತೆ. ಶಿಕಾರಿಪುರ ತಾಲ್ಲೂಕಿನ ಈಸೂರೂ ಹಾಗೇ, 1942ರ ಸ್ವಾತಂತ್ರ್ಯ ಹೋರಾಟ ಅಂದರೆ ಆ ಊರು. ಅದೇ ತಾಲ್ಲೂಕಿನ ತಾಳಗುಂದದಲ್ಲಿ ಇರೋದು ಒಂದು ಕಲ್ಲಿನ ಕಂಬ. ಕದಂಬ ಶಾಂತಿವರ್ಮನ ಕಾಲದ್ದು, ಕುಬ್ಜ ಅನ್ನುವ ಕವಿ ಬರೆದ ಶಾಸನ. ಮಯೂರಶರ್ಮ ಕಂಚಿಗೆ ಓದಲು ಹೋದದ್ದು, ಅಲ್ಲಿ ಪಲ್ಲವರ ಅಶ್ವಸೈನಿಕರ ಜೊತೆ ಜಗಳವಾದದ್ದು ಅದರಲ್ಲಿದೆ. ಆ ಒಂದು ಕಂಬದ ಬಗ್ಗೆ ಶಾಸನ ತಜ್ಞ ಬಿ. ಎಲ್. ರೈಸ್ ಕಾಲದಿಂದ ಇಲ್ಲಿವರೆಗೆ ಬರೆಯುತ್ತಲೇ ಇದ್ದಾರೆ. ತಾಳಗುಂದಕ್ಕೆ ಪುಟ ಬೇಕಾ ಅಂತ ಯಾರೂ ಕೇಳುವುದಿಲ್ಲ. ಅಲ್ಲಿ ಟ್ರಾಫಿಕ್ ಇಲ್ಲ, ಸಿಗ್ನಲ್ಲೂ ಇಲ್ಲ.

ಜಾಗಕ್ಕೇನು ಬರವೇ ಅಂದಿರಿ. ಜಾಗಕ್ಕಿಲ್ಲ. ಮೈಸೂರು ವಿಶ್ವವಿದ್ಯಾನಿಲಯದವರು ಕನ್ನಡ ವಿಶ್ವಕೋಶದ 14 ಸಂಪುಟ ತಂದಾಗ ಕಾಗದ ಲೆಕ್ಕ ಹಾಕಲೇಬೇಕಿತ್ತು. ಕನ್ನಡ ವಿಕಿಪೀಡಿಯಕ್ಕೆ ಆ ಕಷ್ಟ ಇಲ್ಲ. ಅಲ್ಲಿ ಬರ ಇರೋದು ತಿದ್ದುವ ಕೈಗಳಿಗೆ. ಆಧಾರ ಇಲ್ಲದ ಒಂದು ಪುಟ ಇವತ್ತು ಹಾಕಿ. ನಾಳೆ ಯಾರೋ ಬಂದು "ಈ ವೃತ್ತದಲ್ಲಿ ಶಿವಪ್ಪ ನಾಯಕ ಕುದುರೆ ಕಟ್ಟುತ್ತಿದ್ದ" ಅಂತ ಸೇರಿಸುತ್ತಾನೆ. ತಪ್ಪು ಅಂತ ತೋರಿಸಲು ನಿಮ್ಮ ಹತ್ತಿರ ಪುಸ್ತಕ ಇಲ್ಲ, ಸರಿ ಅಂತ ತೋರಿಸಲು ಅವನ ಹತ್ತಿರವೂ ಇಲ್ಲ. ಐದು ವರ್ಷ ಅದು ಹಾಗೇ ಉಳಿಯುತ್ತೆ. ಆರನೇ ವರ್ಷ ಯಾವುದೋ ಶಾಲೆಯ ಮಗು ಅದನ್ನೇ ಪ್ರಾಜೆಕ್ಟಿಗೆ ಬರೆದುಕೊಂಡು ಹೋಗುತ್ತೆ. ನೀವು ಮೇಷ್ಟ್ರು, ಅಂಥ ಪ್ರಾಜೆಕ್ಟುಗಳನ್ನು ಎಷ್ಟು ತಿದ್ದಿದ್ದೀರೋ!

ಹಾಗಾಗಿ ಬೇರೆ ಪುಟ ಈಗಲೇ ಬೇಡ ಅನ್ನುವ ಮಾತಿಗೆ ನಾನು ಅಂಟಿಕೊಂಡೇ ಇದ್ದೇನೆ. "ಒಂದು ಸಾಲು" ಮಾತ್ರ ವಾಪಸ್ ತೆಗೆದುಕೊಂಡೆ. ಶಿವಮೊಗ್ಗದ ಪುಟದೊಳಗೇ ಗೋಪಿ ವೃತ್ತಕ್ಕೆ ಒಂದು ಒಳ್ಳೆಯ ಪ್ಯಾರಾ ಇರಲಿ. ಅಡಿಕೆ ಸಸಿಯನ್ನು ಮೊದಲು ಮಡಿಯಲ್ಲಿ ಬೆಳೆಸಿ ಆಮೇಲೆ ತಾನೇ ತೋಟಕ್ಕೆ ಹಾಕೋದು? ಪ್ಯಾರಾ ಬೆಳೆದು ಇಕ್ಕಟ್ಟಾದಾಗ ಬೇರೆ ಪುಟ ಮಾಡಿದರೆ ಯಾರೂ ತಕರಾರು ಮಾಡುವುದಿಲ್ಲ. ಹೆಸರಿನ ಚಿಂತೆಯೂ ಬೇಡ. 2014ರ ನವೆಂಬರ್ 1ರಂದು ಇಂಗ್ಲಿಷಿನ ಶಿಮೊಗ ಹೋಗಿ ಶಿವಮೊಗ್ಗ ಆಯಿತು. ಹಳೇ ಹೆಸರು ಕೊಟ್ಟು ಹುಡುಕಿದರೂ ಹೊಸ ಹೆಸರಿನ ಪುಟ ತೆರೆಯುತ್ತೆ. ಸೀನಪ್ಪ ಶೆಟ್ಟರ ಹೆಸರೂ ಗೋಪಿಯೂ ಹಾಗೇ ಹೊಂದಿಕೊಂಡಾವು.

ಬೆಳೆಸುವ ಕೆಲಸದಲ್ಲಿ ನಮ್ಮ ಪಾಲೂ ಇದೆ. ಇಷ್ಟು ವರ್ಷ ಸರ್ಕಲ್‌ನಲ್ಲಿ ನಿಂತು ಸುದ್ದಿ ಬರೆದೆವು, ಸರ್ಕಲ್ ಬಗ್ಗೆ ಬರೆಯಲಿಲ್ಲ. ವೃತ್ತಕ್ಕೆ ಹೆಸರಿಟ್ಟ ನಿರ್ಣಯದ ಪ್ರತಿ ಪಾಲಿಕೆಯಲ್ಲಿ ಸಿಗುತ್ತದೆಯೇ ಎಂದು ನಮ್ಮ ವರದಿಗಾರ ವಿಚಾರಿಸುತ್ತಿದ್ದಾನೆ. ಮೂವತ್ತು ನಲವತ್ತು ವರ್ಷದಿಂದ ಅಲ್ಲಿ ಅಂಗಡಿ ಇಟ್ಟವರನ್ನು ಮಾತಾಡಿಸಿ, ಅವರು ಹೇಳಿದ್ದನ್ನು ಹಳೇ ಪತ್ರಿಕೆಗಳ ಜೊತೆ ತಾಳೆ ನೋಡಿ ಒಂದು ಲೇಖನ ಮಾಡುವ ಯೋಚನೆ ಇದೆ. ಗೋಪಿ ಯಾರು ಅನ್ನುವ ಎರಡೂ ಕಥೆ ಅದರಲ್ಲಿ ಬರುತ್ತವೆ, ಕಥೆ ಅಂತಲೇ.

ಇನ್ನು ನಿಮ್ಮ ಫೋಟೊ. ಭೂತಕನ್ನಡಿ ಹಿಡಿದು ನೋಡಿದೆ. ಕೊಡೆ ಹಿಡಿದ ಹೆಂಗಸು, ಎರಡು ಅಂಬಾಸಿಡರ್ ಕಾರು, ಸೈಕಲ್ ತಳ್ಳಿಕೊಂಡು ಹೋಗುತ್ತಿರುವ ಹುಡುಗ. ಗೋಡೆ ಮೇಲೆ ಸಿನಿಮಾ ಪೋಸ್ಟರ್ ಇದೆ, ಹೆಸರಿನ ಕಡೆಯ ಅರ್ಧ ಮಳೆಗೆ ಕಿತ್ತು ಹೋಗಿದೆ. ಆ ಹೆಸರು ಪೂರ್ತಿ ಇದ್ದಿದ್ದರೆ ಇಸವಿ ಹಿಡಿಯಬಹುದಿತ್ತು. ಫೋಟೊ ತಿರುಗಿಸಿದೆ, ಹಿಂದೆ ಏನೂ ಬರೆದಿಲ್ಲ.

ಅಂಚೆಯಲ್ಲಿ ವಾಪಸ್ ಕಳಿಸುತ್ತಿದ್ದೇನೆ. ತೆಗೆದವರು ಯಾರು, ಯಾವ ವರ್ಷ, ಯಾವ ಅಂಗಡಿಯ ಮೆಟ್ಟಿಲ ಮೇಲೆ ನಿಂತು ತೆಗೆದದ್ದು ಅಂತ ಮನೆಯಲ್ಲಿ ಕೇಳಿ, ಹಿಂದೆ ಪೆನ್ಸಿಲ್‌ನಲ್ಲಿ ಬರೆದು ಮತ್ತೆ ಕಳಿಸಿ. ಪೆನ್ನು ಬೇಡ, ಇಂಕು ಮುಂದಕ್ಕೆ ಇಳಿಯುತ್ತೆ.