ಚಿಪ್ ಗೆದ್ದಿತು, ಷೇರು ಮುಳುಗಿತು

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಅರ್ಧಕ್ಕರ್ಧ ಈಗ ಒಂದೇ ಪ್ರಶ್ನೆ. ಒಬ್ಬೊಬ್ಬರಿಗೂ ಬರೆದು ಕೈ ಸೋತಿದೆ. ಒಂದೇ ಸಲ ಇಲ್ಲಿ ಹೇಳಿಬಿಡುತ್ತೇನೆ. ಷೇರು ಎಂದರೇನು, ಎನ್‌ಕ್ರಿಪ್ಶನ್ ಎಂದರೇನು ಎಂಬುದನ್ನು ಬೇರೆ ಕಡೆ ಓದಿಕೊಂಡು ಬನ್ನಿ.

ಪ್ರಶ್ನೆ: ಕ್ವಾಂಟಮ್ ಕಂಪ್ಯೂಟರ್ ಬಂದರೆ ಈಗಿನ ಎನ್‌ಕ್ರಿಪ್ಶನ್ ಮುರಿಯುತ್ತದಂತೆ. ಎಲ್ಲ ಕಂಪನಿಗಳೂ ಹೊಸದಕ್ಕೆ ಹೋಗಲೇಬೇಕು. ಅದನ್ನೇ ಮಾಡುವ ಅಮೆರಿಕದ ಒಂದು ಪುಟ್ಟ ಕಂಪನಿಯ ಷೇರು ಕೊಂಡಿದ್ದೇನೆ. ಹತ್ತು ಪಟ್ಟು ಆಗುತ್ತೆ ಅಲ್ವಾ?

ಉತ್ತರ: ಎಲ್ಲರೂ ಹೋಗಲೇಬೇಕು, ಒಪ್ಪಿದೆ. ಆದರೆ ಅದರ ದುಡ್ಡು ನಿಮ್ಮ ಕಂಪನಿಗೇ ಬರಬೇಕು ಅಂತ ಎಲ್ಲಿ ಬರೆದಿದೆ?

ಟಿಪಿಎಂ ಅಂತ ಒಂದು ಚಿಪ್ ಇದೆ. ಮದರ್‌ಬೋರ್ಡಿನ ಮೇಲೆ ಕೂತು ಎನ್‌ಕ್ರಿಪ್ಶನ್ ಕೀಗಳನ್ನು ಕಾಯುತ್ತದೆ. ಅದಕ್ಕೆ ಸಾಫ್ಟ್‌ವೇರ್ ಮಾಡುತ್ತಿದ್ದ ಅಮೆರಿಕದ ಕಂಪನಿ ವೇವ್ ಸಿಸ್ಟಮ್ಸ್. 2003ರಲ್ಲಿ ಇಂಟೆಲ್ ಜೊತೆ ಒಪ್ಪಂದ ಎಂಬ ಸುದ್ದಿ ಬಂದದ್ದೇ ತಡ, ಷೇರು ಹಾರಿತು. ಕೊಂಡವರ ಲೆಕ್ಕ ನಿಮ್ಮದೇ ಲೆಕ್ಕ: ಚಿಪ್ ಎಲ್ಲ ಲ್ಯಾಪ್‌ಟಾಪಿಗೂ ಬರುತ್ತದೆ, ಆಮೇಲೆ ನಾವೇ ರಾಜರು.

ಚಿಪ್ ಬಂತು. ಆದರೆ ಆಗಿನ ಲ್ಯಾಪ್‌ಟಾಪುಗಳಲ್ಲಿ ಸಾಮಾನ್ಯವಾಗಿ ಅದು ಆಫ್ ಆಗಿಯೇ ಬರುತ್ತಿತ್ತು. ಆನ್ ಮಾಡಲು ಬಯೋಸ್ (ವಿಂಡೋಸ್‌ಗೂ ಮೊದಲು ತೆರೆಯುವ ಸೆಟ್ಟಿಂಗ್) ಒಳಗೆ ಹೋಗಬೇಕು. ಸಾವಿರಾರು ಮೆಷಿನ್‌ಗೆ ಆ ಕೆಲಸ ಯಾರು ಮಾಡುತ್ತಾರೆ? ನಾನು ಬಹಳ ವರ್ಷ ಕಂಪನಿಗಳ ಪರವಾಗಿ ಸೆಕ್ಯುರಿಟಿ ಸಾಮಾನು ಕೊಳ್ಳುವ ಕಡೆ ಕೂತವನು. ನಮ್ಮ ಮ್ಯಾನೇಜರ್ ಅದನ್ನು ‘ಮುಂದಿನ ಬಜೆಟ್‌ಗೆ ನೋಡೋಣ’ ಪಟ್ಟಿಗೆ ಹಾಕಿದರು. ಆ ಪಟ್ಟಿಯಿಂದ ಹೊರಗೆ ಬಂದದ್ದನ್ನು ನಾನು ಕಂಡಿದ್ದು ಕಡಿಮೆ. ಅಷ್ಟರಲ್ಲಿ 2007ರಲ್ಲಿ ಮೈಕ್ರೋಸಾಫ್ಟ್ ವಿಂಡೋಸ್ ವಿಸ್ಟಾದ ದೊಡ್ಡ ಆವೃತ್ತಿಗಳ ಒಳಗೇ ಡಿಸ್ಕ್ ಎನ್‌ಕ್ರಿಪ್ಟ್ ಮಾಡುವ ಬಿಟ್‌ಲಾಕರ್ ಸೇರಿಸಿತು. ಅದೂ ಇದೇ ಚಿಪ್ ಬಳಸುತ್ತದೆ. ಮನೆಯಲ್ಲೇ ಊಟ ಸಿಗುವಾಗ ಹೋಟೆಲಿಗೆ ಯಾರು ಹೋಗುತ್ತಾರೆ? ವೇವ್ ನಷ್ಟ ತುಂಬಿಸಲು ಮತ್ತೆ ಮತ್ತೆ ಹೊಸ ಷೇರು ಮಾರಿತು. 2016ರಲ್ಲಿ ದಿವಾಳಿ ಅರ್ಜಿ ಹಾಕಿತು. 2021ರಲ್ಲಿ ವಿಂಡೋಸ್ 11ಕ್ಕೆ ಟಿಪಿಎಂ 2.0 ಕಡ್ಡಾಯವಾಯಿತು. ಷೇರು ಕೊಂಡವರು ಹೇಳಿದ್ದ ಭವಿಷ್ಯ ನಿಜವಾಯಿತು, ಅವರ ದುಡ್ಡು ಮಾತ್ರ ಇರಲಿಲ್ಲ.

ಈಗ ನಿಮ್ಮ ವಿಷಯ. ಅಮೆರಿಕದ ಸರ್ಕಾರಿ ಮಾನದಂಡ ಸಂಸ್ಥೆ ನಿಸ್ಟ್ 2024ರ ಆಗಸ್ಟ್‌ನಲ್ಲಿ ಕ್ವಾಂಟಮ್‌ಗೂ ಜಗ್ಗದ ಎನ್‌ಕ್ರಿಪ್ಶನ್‌ನ ಮೂರು ಸ್ಟ್ಯಾಂಡರ್ಡ್ ಪ್ರಕಟಿಸಿತು. ಯಾರು ಬೇಕಾದರೂ ಓದಿ ಕೋಡ್ ಬರೆಯಬಹುದು. ಕ್ರೋಮ್ ಬ್ರೌಸರಿನಲ್ಲಿ ಈ ಬಗೆಯ ಕೀ ವಿನಿಮಯ (ಬ್ರೌಸರೂ ಸೈಟೂ ಗುಟ್ಟಿನ ಕೀ ಒಪ್ಪಿಕೊಳ್ಳುವ ಕೆಲಸ) 2024ರಲ್ಲೇ ತಾನಾಗಿ ಆನ್ ಆಯಿತು, ನೀವು ಗಮನಿಸಿಯೂ ಇರಲಿಕ್ಕಿಲ್ಲ. 2025ರ ಏಪ್ರಿಲ್‌ನಲ್ಲಿ ಬಂದ ಓಪನ್‌ಎಸ್‌ಎಸ್‌ಎಲ್ 3.5 ಎಂಬ ಎನ್‌ಕ್ರಿಪ್ಶನ್ ಸಾಫ್ಟ್‌ವೇರಿನಲ್ಲಿ ಈ ಮೂರೂ ಇವೆ, ಬಿಟ್ಟಿಯಾಗಿ. ಹಾಗಾದರೆ ನಿಮ್ಮ ಕಂಪನಿ ಮಾರುವುದು ಏನನ್ನು? ಇದಕ್ಕೆ ಒಂದೇ ವಾಕ್ಯದಲ್ಲಿ ಉತ್ತರ ಕೊಡಲಾಗದಿದ್ದರೆ ಷೇರು ಇಟ್ಟುಕೊಳ್ಳಬೇಡಿ.

ಇನ್ನು ಅವಸರದ ಮಾತು. ಎಸ್‌ಎಚ್‌ಎ-1 ಎಂಬ ಹಳೆಯ ಸೆಕ್ಯುರಿಟಿ ಸೂತ್ರ ದುರ್ಬಲ ಎಂದು 2005ರಲ್ಲೇ ತೋರಿಸಿಯಾಗಿತ್ತು. ಅದನ್ನು ಪೂರ್ತಿ ಬಿಡಲು ನಿಸ್ಟ್ ಕೊಟ್ಟ ಗಡುವು 2030ರ ಕೊನೆ. ಕಂಪನಿಗಳು ನಡೆಯುವ ವೇಗ ಇದು. ‘ದೊಡ್ಡ ಬ್ಯಾಂಕಿನಲ್ಲಿ ಪೈಲಟ್ ಶುರು’ ಎಂಬ ಪ್ರಕಟಣೆ ಕಂಡು ಕುಣಿಯಬೇಡಿ. ಪೈಲಟ್ ಎಂದರೆ ಬಿಟ್ಟಿ ಟ್ರಯಲ್, ಎಷ್ಟೋ ಸಲ. ಅಂಥ ಎಷ್ಟೋ ಪೈಲಟ್‌ಗೆ ನಾನೇ ಸಹಿ ಹಾಕಿದ್ದೇನೆ. ಕೊಂಡದ್ದು ಬೆರಳೆಣಿಕೆಯಷ್ಟು. ಪ್ರಕಟಣೆ ಬಿಟ್ಟು ವಾರ್ಷಿಕ ವರದಿ ತೆಗೆಯಿರಿ. ಷೇರುಗಳ ಸಂಖ್ಯೆ ವರ್ಷ ವರ್ಷ ಏರುತ್ತಿದ್ದು ಆದಾಯ ಅಲ್ಲೇ ನಿಂತಿದ್ದರೆ, ಕಂಪನಿ ಬದುಕಿರುವುದು ಗಿರಾಕಿಯ ದುಡ್ಡಿನಿಂದಲ್ಲ, ನಿಮ್ಮ ದುಡ್ಡಿನಿಂದ.

ಪ್ರಶ್ನೆ: ಟೆಲಿಗ್ರಾಂ ಗುಂಪಿನ ಸರ್ ‘ಒಳಗಿನ ಸುದ್ದಿ ಇದೆ’ ಅಂತಾರೆ. ನಂಬಬಹುದಾ?

ಉತ್ತರ: ಸೆಬಿ (ಷೇರುಪೇಟೆಯ ನಿಯಂತ್ರಕ) ಕೊಡುವ ನೋಂದಣಿ ಸಂಖ್ಯೆ ಕೇಳಿ ನೋಡಿ, ಅವರೇ ನಿಮ್ಮನ್ನು ಗುಂಪಿನಿಂದ ತೆಗೆಯುತ್ತಾರೆ.

ಪ್ರಶ್ನೆ: ಕ್ವಾಂಟಮ್ ಕಂಪ್ಯೂಟರ್ ಮಾಡುವವರ ಷೇರು?

ಉತ್ತರ: 2025ರ ಜನವರಿಯಲ್ಲಿ ಚಿಪ್ ಕಂಪನಿ ಎನ್‌ವಿಡಿಯಾದ ಮುಖ್ಯಸ್ಥ ಜೆನ್ಸನ್ ಹುವಾಂಗ್ ‘ಉಪಯೋಗಕ್ಕೆ ಬರಲು ಇನ್ನೂ ದಶಕಗಳೇ ಬೇಕಾದೀತು’ ಎಂಬರ್ಥದ ಮಾತಾಡಿದರು. ರಿಗೆಟ್ಟಿ, ಐಯಾನ್‌ಕ್ಯೂ ಒಂದೇ ದಿನ ಸುಮಾರು ಶೇ 40 ಬಿದ್ದವು. ನಿಮ್ಮ ಬಿಪಿ ಎಷ್ಟಿದೆ?

ಪ್ರಶ್ನೆ: ನಮ್ಮ ಕಂಪನಿಯದು ‘ಮಿಲಿಟರಿ ದರ್ಜೆ’ ಎನ್‌ಕ್ರಿಪ್ಶನ್. ಅದು ವಿಶೇಷ ತಾನೇ?

ಉತ್ತರ: ಹಾಗಂದರೆ ಸಾಮಾನ್ಯವಾಗಿ ಎಇಎಸ್-256 ಎಂಬ ಎನ್‌ಕ್ರಿಪ್ಶನ್ ವಿಧಾನ. ನಿಮ್ಮ ಅತ್ತೆಯ ವಾಟ್ಸಾಪ್‌ನಲ್ಲೂ ಅದೇ ಇದೆ.