ಅಮ್ಮ ನಿಜವಾಗಲೂ ಚೆನ್ನಾಗಿದ್ದಾರಾ?

ಪ್ರಶ್ನೆ: ಅಮ್ಮನಿಗೆ 79 ವರ್ಷ. ಬನ್ನೇರುಘಟ್ಟ ರಸ್ತೆ ಕಡೆ ಒಂದು ವೃದ್ಧಾಶ್ರಮದಲ್ಲಿದ್ದಾರೆ. ವಾರಕ್ಕೊಮ್ಮೆ ಅಲ್ಲಿಂದ ಬಿಪಿ, ಶುಗರ್, ತೂಕ ಎಲ್ಲಾ ವಾಟ್ಸಾಪ್‌ನಲ್ಲಿ ಬರುತ್ತದೆ. ಎಲ್ಲಾ ನಾರ್ಮಲ್. ಅಮ್ಮನನ್ನು ಕೇಳಿದರೆ ‘ಚೆನ್ನಾಗಿದ್ದೀನಿ ಕಣಪ್ಪ, ನೀನು ಊಟ ಮಾಡಿದ್ಯಾ’ ಅಂತಾರೆ. ಈಗ ಆಶ್ರಮದವರು ಜೀವನದ ಗುಣಮಟ್ಟ ಅಳೆಯುವ ಫಾರಂ ಕಳಿಸಿ, ಅಮ್ಮನ ಪರವಾಗಿ ನೀವೇ ತುಂಬಿ ಅಂದಿದ್ದಾರೆ. ತುಂಬಬಹುದಾ? ಇದನ್ನೆಲ್ಲಾ ಅಳೆಯೋಕೆ ಆಗುತ್ತಾ?
– ಓದುಗರು, ವಿಜಯನಗರ

ಉತ್ತರ: ನೀವು ತುಂಬಬೇಡಿ. ಫಾರಂ ತೆಗೆದುಕೊಂಡು ಅಮ್ಮನ ಹತ್ತಿರ ಹೋಗಿ. ಹಿರಿಯರ ಬದಲು ಮನೆಯವರೋ ಸಿಬ್ಬಂದಿಯೋ ಉತ್ತರ ಕೊಟ್ಟಾಗ ಅಂಕ ಸಾಮಾನ್ಯವಾಗಿ ಕಡಿಮೆ ಬರುತ್ತದೆ ಅಂತ ಸಂಶೋಧಕರು ಮತ್ತೆ ಮತ್ತೆ ಕಂಡಿದ್ದಾರೆ. ನಮಗೆ ಕಾಣುವುದು ಮಂಡಿನೋವು, ವಾಕರ್. ಅವರಿಗೆ ಪಕ್ಕದ ಮಂಚದ ಗೆಳತಿಯ ಜೊತೆ ಸಂಜೆ ಹರಟುವುದೇ ದೊಡ್ಡದಾಗಿರಬಹುದು, ಅಲ್ವಾ?

ಅಳೆಯೋಕೆ ಖಂಡಿತ ಆಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 26 ಪ್ರಶ್ನೆಗಳ ಪಟ್ಟಿ ಇದೆ. ವಯಸ್ಸಾದವರಿಗೆ ಅಂತಲೇ ಇನ್ನೂ 24 ಪ್ರಶ್ನೆಗಳಿವೆ. ಕಣ್ಣು ಕಿವಿ ಮಂದವಾಗಿ ತೊಂದರೆ ಆಗ್ತಿದೆಯಾ, ನಿಮ್ಮ ನಿರ್ಧಾರ ನೀವೇ ಮಾಡೋಕೆ ಬಿಡ್ತಾರಾ, ದಿನ ಕಳೆಯೋಕೆ ಸಾಕಷ್ಟು ಕೆಲಸ ಇದೆಯಾ, ಸಾವಿನ ಭಯ ಕಾಡುತ್ತಾ, ಬದುಕಲ್ಲಿ ಪ್ರೀತಿ ಇದೆಯಾ, ಹೀಗೆ. ಬಿಪಿ ಎಷ್ಟು ಅಂತ ಒಂದು ಕಡೆಯೂ ಕೇಳುವುದಿಲ್ಲ. ನನಗೆ ಜಾಸ್ತಿ ಹಿಡಿಸಿದ್ದು ಇಂಗ್ಲೆಂಡಿನ ಕೆಂಟ್ ವಿಶ್ವವಿದ್ಯಾಲಯದವರು ಮಾಡಿದ ಆಸ್ಕಾಟ್ ಅನ್ನುವ ಪ್ರಶ್ನೆಪಟ್ಟಿ. ಅದು ಎಂಟು ವಿಷಯ ನೋಡುತ್ತದೆ. ಊಟ ಸಿಕ್ಕಿತಾ ಅಂತ ಕೇಳಿ ಸುಮ್ನಾಗುವುದಿಲ್ಲ, ನಿಮಗೆ ಇಷ್ಟವಾದದ್ದು ನಿಮಗೆ ಬೇಕಾದ ಹೊತ್ತಿಗೆ ಸಿಗುತ್ತಾ ಅಂತ ಕೇಳುತ್ತದೆ. ನೋಡಿಕೊಳ್ಳುವವರು ನಡೆಸಿಕೊಳ್ಳುವ ರೀತಿಯಿಂದ ನಿಮಗೆ ನಿಮ್ಮ ಬಗ್ಗೆ ಏನನ್ನಿಸುತ್ತದೆ ಅಂತಲೂ ಕೇಳುತ್ತದೆ. ಈ ಕೊನೆಯ ಪ್ರಶ್ನೆಯನ್ನು ನಮ್ಮ ಬೆಂಗಳೂರಿನ ಪ್ರತಿ ಆಶ್ರಮದಲ್ಲೂ ಕೇಳಬೇಕು.

‘ಚೆನ್ನಾಗಿದ್ದೀಯಾ’ ಅಂದರೆ ಯಾವ ತಾಯಿಯೂ ‘ಇಲ್ಲ’ ಅನ್ನುವುದಿಲ್ಲ. ಅದರ ಬದಲು ‘ಅಮ್ಮ, ನಿನ್ನೆ ಮಧ್ಯಾಹ್ನ ಊಟ ಆದ್ಮೇಲೆ ಏನ್ ಮಾಡ್ದೆ?’ ಅಂತ ಕೇಳಿ. ‘ಬೆಳಗಿನ ಕಾಫಿ ಎಷ್ಟೊತ್ತಿಗೆ ಸಿಗುತ್ತೆ, ನಿಂಗೆ ಎಷ್ಟೊತ್ತಿಗೆ ಬೇಕು?’ ‘ಐದು ಗಂಟೆಗೇ ಎಬ್ಬಿಸಿ ಸ್ನಾನ ಮಾಡಿಸಿಬಿಡ್ತಾರೆ’ ಅಂತ ಅವರು ಹೇಳಿದರೆ, ಅವರ ದಿನ ಯಾರ ಕೈಯಲ್ಲಿದೆ ಅಂತ ನಿಮಗೆ ಗೊತ್ತಾಗುತ್ತದೆ. ಆಯಾ ಎದುರಿಗೆ ಕೇಳಬೇಡಿ. ಸ್ನಾನ ಮಾಡಿಸುವವರ ಮುಂದೆ ದೂರು ಹೇಳೋಕೆ ಯಾರಿಗಾದರೂ ಹೆದರಿಕೆಯೇ. ಕನ್ನಡಕ ಒರೆಸಿ ಕೊಡಿ, ಕಿವಿ ಮಿಷನ್‌ನಲ್ಲಿ ಬ್ಯಾಟರಿ ಇದೆಯಾ ನೋಡಿ, ಆಮೇಲೆ ಶುರು ಮಾಡಿ.

ಒಟ್ಟು ಅಂಕ ನೋಡಿ ಸಮಾಧಾನ ಪಡಬೇಡಿ. ಊಟ, ಕೋಣೆ, ಸುರಕ್ಷತೆ ಎಲ್ಲಕ್ಕೂ ಒಳ್ಳೆ ಅಂಕ ಬಂದು, ಮಾತಾಡೋಕೆ ಒಬ್ಬರೂ ಇಲ್ಲ ಅನ್ನುವುದು ಆ ಮೊತ್ತದಲ್ಲಿ ಮುಚ್ಚಿಹೋಗುತ್ತದೆ. ಕೆಲವು ತಿಂಗಳು ಬಿಟ್ಟು ಮತ್ತೆ ಕೇಳಿ, ಅವರದೇ ಹಳೇ ಉತ್ತರದ ಪಕ್ಕ ಇಟ್ಟು ನೋಡಿ.

ಪ್ರಶ್ನೆ: ನಾನು ಮರೆವಿನ ಕಾಯಿಲೆ ಇರುವವರ ಕೇಂದ್ರದಲ್ಲಿ ನರ್ಸ್. ಇವರನ್ನು ಕೇಳೋದು ಹೇಗೆ?
– ಓದುಗರು, ಕೆಂಗೇರಿ

ಉತ್ತರ: ಮರೆವು ಶುರುವಾದ ಮಾತ್ರಕ್ಕೆ ಅವರನ್ನು ಬಿಟ್ಟು ಮನೆಯವರನ್ನು ಕೇಳಬೇಡಿ. ಕಾಯಿಲೆ ತೀರಾ ಮುಂದುವರಿಯದ ತುಂಬಾ ಜನ ತಾವೇ ಉತ್ತರಿಸುತ್ತಾರೆ. ಡೆಮ್‌ಕ್ವಾಲ್ ಅನ್ನುವ 28 ಪ್ರಶ್ನೆಗಳ ಪಟ್ಟಿ ಇರುವುದೇ ಅವರಿಗಾಗಿ. ಎದುರಿಗೆ ಕೂತು, ಕಳೆದ ಒಂದು ವಾರದ ಬಗ್ಗೆ ಮಾತ್ರ ಕೇಳಬೇಕು.

ಮಾತು ಪೂರ್ತಿ ನಿಂತವರನ್ನು ನೋಡಿಯೇ ತಿಳಿಯಬೇಕು. ಬ್ರಾಡ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಒಂದು ಪದ್ಧತಿಯಲ್ಲಿ, ಹಾಲ್‌ನ ಮೂಲೆಯಲ್ಲಿ ಕೂತು 5 ನಿಮಿಷಕ್ಕೊಮ್ಮೆ ಅವರು ಏನು ಮಾಡುತ್ತಿದ್ದಾರೆ, ಮುಖ ಹೇಗಿದೆ ಅಂತ ಬರೆಯುತ್ತಾರೆ. ಅದಕ್ಕೆ ತರಬೇತಿ ಬೇಕು. ಆದರೆ ನೋಡುವ ಅಭ್ಯಾಸವನ್ನು ನೀವು ಇವತ್ತೇ ಶುರು ಮಾಡಬಹುದು. ಹೆಸರು ಹಿಡಿದು ಕರೆದು ತಲೆ ಬಾಚಿದಾಗ ಮುಖ ಎತ್ತುತ್ತಾರಾ? ಹೇಳದೆ ಕೇಳದೆ ಹಿಂದಿನಿಂದ ವೀಲ್‌ಚೇರ್ ಎಳೆದಾಗ ಕೈ ಬಿಗಿ ಹಿಡಿಯುತ್ತಾರಾ? ಬರೆದದ್ದನ್ನು ಫೈಲಿಗೆ ಸೇರಿಸುವ ಮೊದಲು ಆ ಶಿಫ್ಟಿನ ಆಯಾಗಳಿಗೆ ಓದಿ ಹೇಳಿ, ಬೈಯುವ ಹಾಗಲ್ಲ, ಜೊತೆಗೆ ಕೂರಿಸಿಕೊಂಡು. ಮರುದಿನ ಆ ವೀಲ್‌ಚೇರ್ ಹಿಡಿಯುವವರು ಅವರೇ.