ಪಾಕಿಸ್ತಾನದ ಬ್ಯಾಂಕುಗಳು ರಂಜಾನ್ ಮೊದಲ ದಿನ ಖಾತೆಯಿಂದ ದುಡ್ಡು ಮುರಿದುಕೊಳ್ಳುವುದೇಕೆ?

ಅದು ಜಕಾತ್, ಅಂದರೆ ಮುಸ್ಲಿಮರ ಕಡ್ಡಾಯ ದಾನ. 1980ರ ಕಾನೂನಿನಂತೆ, ಆ ದಿನ ಉಳಿತಾಯ ಖಾತೆಯಲ್ಲಿ ಸುಮಾರು 612 ಗ್ರಾಂ ಬೆಳ್ಳಿಯ ಬೆಲೆಯಷ್ಟು ಅಥವಾ ಅದಕ್ಕಿಂತ ಜಾಸ್ತಿ ಹಣ ಇದ್ದರೆ, ಬ್ಯಾಂಕೇ ಶೇ 2.5ರಷ್ಟು ಮುರಿದು ಸರ್ಕಾರದ ಜಕಾತ್ ನಿಧಿಗೆ ಕಳಿಸುತ್ತದೆ. ಅಲ್ಲಿಂದ ಹಣ ಪ್ರಾಂತ್ಯಗಳಿಗೆ ಹೋಗುತ್ತದೆ. ವಿಧವೆಯರು, ಅನಾಥರು, ಅಂಗವಿಕಲರಲ್ಲಿ ಯಾರಿಗೆ ನಿಜವಾಗಿ ಬೇಕು ಅಂತ ಗುರುತಿಸುವುದು ಊರಿನ ಜಕಾತ್ ಸಮಿತಿ. ಯಾರ ಮನೆಯಲ್ಲಿ ಕಷ್ಟ ಇದೆ ಅಂತ ಅಕ್ಕಪಕ್ಕದವರಿಗೇ ಗೊತ್ತಿರುತ್ತದೆ, ಅಲ್ವಾ?

ಆದರೆ ಆ ಒಂದು ದಿನದ ಬ್ಯಾಲೆನ್ಸ್ ಮಾತ್ರ ಲೆಕ್ಕಕ್ಕೆ ಬರುವುದರಿಂದ, ಅನೇಕರು ಮೊದಲೇ ಹಣ ತೆಗೆದುಬಿಡುತ್ತಾರೆ. ಎಲ್ಲರದ್ದೂ ಜಿಪುಣತನ ಅಲ್ಲ, ಸರ್ಕಾರದ ಕೈಗೆ ಕೊಡುವ ಬದಲು ಗೊತ್ತಿರುವ ಬಡವರಿಗೆ ತಾವೇ ಕೊಡೋಣ ಅನ್ನುವವರೂ ಇದ್ದಾರೆ. ಘೋಷಣಾ ಪತ್ರ ಕೊಟ್ಟು ವಿನಾಯಿತಿ ಪಡೆಯಬಹುದು, ಶಿಯಾಗಳ ದೊಡ್ಡ ಪ್ರತಿಭಟನೆಯ ನಂತರ ಸಿಕ್ಕ ದಾರಿ ಇದು.